ಒಂದು ಮನೆ, ಎಷ್ಟು ಜನ?

ಪ್ರಶ್ನೆ: ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ನೆಂಟರಲ್ಲದ ಗೆಳೆಯರು ಒಂದೇ ಮನೆಯಲ್ಲಿ ಇರಬಹುದೇ?

ಇರಬಹುದು, ಆದರೆ ಆ ಹಕ್ಕು ಸುಲಭವಾಗಿ ದಕ್ಕಲಿಲ್ಲ. ಅಲ್ಲಿನ ವಲಯ (ಝೋನಿಂಗ್) ನಿಯಮಗಳು ಬಹಳ ಕಡೆ ‘ಒಂದು ಮನೆಗೆ ಒಂದು ಕುಟುಂಬ’ ಎನ್ನುತ್ತವೆ. ಹಾಗಾದರೆ ಕುಟುಂಬ ಎಂದರೆ ಯಾರು?

ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡಿನಲ್ಲಿರುವ ಬೆಲ್ ಟೆರ್ ಎಂಬ ಪುಟ್ಟ ಊರು, ರಕ್ತಸಂಬಂಧ, ಮದುವೆ ಅಥವಾ ದತ್ತು ಇಲ್ಲದವರಾದರೆ ಇಬ್ಬರೇ ಇರಬೇಕು ಎಂದಿತು. ಆರು ವಿದ್ಯಾರ್ಥಿಗಳು ಹಿಡಿದಿದ್ದ ಮನೆಯ ಮಾಲೀಕರಿಗೆ ನೋಟಿಸ್ ಹೋಯಿತು. 1974ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಊರಿನ ಪರ ನಿಂತಿತು. ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಭಿನ್ನಮತ ಬರೆದರು.

ರಾಜ್ಯ ನ್ಯಾಯಾಲಯಗಳು ಬೇರೆ ದಾರಿ ಹಿಡಿದವು. ಪ್ಲೇನ್‌ಫೀಲ್ಡ್ ನಗರದ ನಾಲ್ವರ ಮಿತಿಯನ್ನು ನ್ಯೂಜೆರ್ಸಿ ಸುಪ್ರೀಂ ಕೋರ್ಟ್ 1979ರಲ್ಲಿ ರದ್ದುಮಾಡಿತು. ಆಯ್‌ಸ್ಟರ್ ಬೇ ಪಟ್ಟಣ, ನೆಂಟರಲ್ಲದ ಇಬ್ಬರಿಗೆ 62 ತುಂಬಿದ್ದರಷ್ಟೇ ಅವಕಾಶ ಕೊಟ್ಟಿತ್ತು! ಅದೂ 1985ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯದಲ್ಲಿ ಬಿತ್ತು. 1990ರಲ್ಲಿ ನ್ಯೂಜೆರ್ಸಿಯ ಗ್ಲಾಸ್‌ಬರೋದ ಹತ್ತು ವಿದ್ಯಾರ್ಥಿಗಳು ಒಟ್ಟಿಗೆ ಅಡುಗೆ ಮಾಡಿ, ಒಂದೇ ಖಾತೆಯಿಂದ ಬಿಲ್ ಕಟ್ಟುತ್ತಿದ್ದುದರಿಂದ ಕುಟುಂಬಕ್ಕೆ ಸಮಾನರೆನಿಸಿದರು.

ಜನದಟ್ಟಣೆಯ ಮಿತಿ ಬೇರೆಯೇ ವಿಷಯ. ನ್ಯೂಯಾರ್ಕ್ ನಗರದ ವಸತಿ ಸಂಹಿತೆಯ ಪ್ರಕಾರ ಅಪಾರ್ಟ್‌ಮೆಂಟಿನಲ್ಲಿ ತಲಾ 80 ಚದರ ಅಡಿ ವಾಸಯೋಗ್ಯ ಜಾಗ ಬೇಕು.