ಅಮೃತಮಹಲ್, ಹಳ್ಳಿಕಾರ್: ರೂಪ ಒಂದು, ಸ್ವಭಾವ ಎರಡು
ಅಜ್ಜಂಪುರದ ತಳಿ ಸಂವರ್ಧನ ಕೇಂದ್ರದ ಅಮೃತಮಹಲ್ ರಾಸುಗಳನ್ನು ಕಂಡವರು ಹಳ್ಳಿಕಾರ್ ಎಂದೇ ಭ್ರಮಿಸಬಹುದು. ಅದೇ ಬೂದು ಮೈ, ಅದೇ ನೀಳವಾದ ಚೂಪು ಕೊಂಬು. ಇವೆರಡೂ ರಕ್ತಸಂಬಂಧಿಗಳೇ ಸರಿ. ಆದರೆ ಹತ್ತಿರ ಹೋಗಿರಿ! ಹಳ್ಳಿಕಾರ್ ಹಸು ಗಂಗೆದೊಗಲು ತುರಿಸೆಂದು ಕತ್ತು ಚಾಚೀತು. ಅಮೃತಮಹಲ್ ಅಪರಿಚಿತನನ್ನು ಕಂಡೊಡನೆ ತಲೆಯೆತ್ತಿ ಬುಸುಗುಟ್ಟುವುದು.

ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂಬ ಹೆಸರಿಟ್ಟವನು ಟಿಪ್ಪು. ಸೈನ್ಯದ ಸಾಮಾನೆಳೆಯಲು ಬೇಕಾದ ಈ ದನಗಳು ಕಡೂರು, ತರೀಕೆರೆ ಸೀಮೆಯ ಕಾವಲುಗಳಲ್ಲಿ ಮನುಷ್ಯನ ಕೈ ಹೆಚ್ಚು ಸೋಕದೆ ಬೆಳೆದವು. ಹಳ್ಳಿಕಾರ್ ಕರುವಾದರೋ ರೈತನ ಕೊಟ್ಟಿಗೆಯಲ್ಲಿ ಮಕ್ಕಳೊಡನೆ ಬೆಳೆಯಿತು. ಪ್ರಯೋಗಶಾಲೆಯಲ್ಲಿ ನಾವು ಎರಡು ಅಂಶಗಳನ್ನು ಒಮ್ಮೆಗೇ ಬದಲಿಸುವುದಿಲ್ಲ. ಇಲ್ಲಿ ತಳಿಯೂ ಬೇರೆ, ಸಾಕಣೆಯೂ ಬೇರೆ. ರೋಷವೆಲ್ಲವನ್ನೂ ರಕ್ತದ ಮೇಲೆಯೇ ಹೊರಿಸುವುದು ಹೇಗೆ? ಅಮೃತಮಹಲನ್ನು ಮನೆಗೆ ತರಬೇಕೆನ್ನುವವರು ಎಳಗರುವನ್ನೇ ತಂದು ಕೈಗೆ ಒಗ್ಗಿಸಬೇಕು. ಬೆಳೆದ ಹೋರಿಯನ್ನು ಪಳಗಿಸುವುದು ಅನುಭವಸ್ಥರಿಗೂ ಕಷ್ಟ.