ಒಂದೇ ತಿಂಗಳಲ್ಲಿ 9,700 ಕೋಟಿ!

ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಪಡೆ ಸ್ಟಾಸಿ ಸುಮಾರು ನಾಲ್ಕು ದಶಕ ತನ್ನದೇ ಜನರ ಮೇಲೆ ಕಣ್ಣಿಟ್ಟಿತ್ತು. ಅದು ಬಿಟ್ಟುಹೋದ ಕಡತಗಳನ್ನು ಸಾಲಾಗಿ ಜೋಡಿಸಿದರೆ ಉದ್ದ 111 ಕಿಲೋಮೀಟರ್! ಬೆಂಗಳೂರಿನಲ್ಲಿ ಮೊದಲ ಕಡತ ಇಟ್ಟು ಹೊರಟರೆ ಮಂಡ್ಯ ದಾಟಿದರೂ ಸಾಲು ಮುಗಿಯದು. ಸ್ಟಾಸಿಗೆ 1989ರಲ್ಲಿ 91,000 ಪೂರ್ಣಾವಧಿ ನೌಕರರಿದ್ದರು. ದೇಶದ ಜನಸಂಖ್ಯೆ 1.6 ಕೋಟಿ, ಅಂದರೆ ಸುಮಾರು 175 ಜನಕ್ಕೊಬ್ಬ ಕಾವಲುಗಾರ. ಗುಪ್ತ ಮಾಹಿತಿದಾರರ ಲೆಕ್ಕ ಬೇರೆಯೇ!

2013ರ ಜೂನ್‌ನಿಂದ ಅಮೆರಿಕದ ಬೇಹುಗಾರಿಕೆಯ ಗುತ್ತಿಗೆ ನೌಕರ ಎಡ್ವರ್ಡ್ ಸ್ನೋಡೆನ್ ಬಯಲಿಗಿಟ್ಟ ದಾಖಲೆಗಳ ಮುಂದೆ ಈ 111 ಕಿಲೋಮೀಟರ್ ಏನೇನೂ ಅಲ್ಲ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಎನ್‌ಎಸ್‌ಎ 2011ರಲ್ಲೇ ದಿನಕ್ಕೆ ಸುಮಾರು 20 ಕೋಟಿ ಎಸ್‌ಎಂಎಸ್‌ಗಳನ್ನು ಬಾಚಿಕೊಳ್ಳುತ್ತಿತ್ತು. ಕರ್ನಾಟಕದ ಅಷ್ಟೂ ಜನ, ತೊಟ್ಟಿಲ ಕೂಸೂ ಸೇರಿ, ಆಗ ದಿನಕ್ಕೆ ಮೂರು ಮೂರು ಸಂದೇಶ ಕಳಿಸಿದ್ದರೂ ಅಷ್ಟಾಗುತ್ತಿರಲಿಲ್ಲ. ಯಾವ ಮೊಬೈಲ್ ಎಲ್ಲಿದೆ ಎಂಬ ದಾಖಲೆಗಳಂತೂ ದಿನಕ್ಕೆ ಸುಮಾರು 500 ಕೋಟಿ. ನೀವು ಈ ಸಾಲು ಓದುವ ಮೂರು ಸೆಕೆಂಡಿನಲ್ಲಿ ಹೆಚ್ಚುಕಡಿಮೆ 1.7 ಲಕ್ಷ!

ಇನ್ನೂ ಇದೆ. 2013ರ ಮಾರ್ಚ್ ಒಂದೇ ತಿಂಗಳಲ್ಲಿ ಜಗತ್ತಿನ ಕಂಪ್ಯೂಟರ್ ಜಾಲಗಳಿಂದ ಎನ್‌ಎಸ್‌ಎ ಸಂಗ್ರಹಿಸಿದ ಮಾಹಿತಿ ತುಣುಕುಗಳು 9,700 ಕೋಟಿ. ಸೆಕೆಂಡಿಗೊಂದರಂತೆ ಎಣಿಸಿದರೆ 3,000 ವರ್ಷ ಬೇಕು. ಬುದ್ಧನ ಕಾಲದಲ್ಲಿ ಎಣಿಸಲು ಕೂತವರಿಗೂ ಇನ್ನು 500 ವರ್ಷದ ಕೆಲಸ ಬಾಕಿ! ಆ 9,700 ಕೋಟಿಯಲ್ಲಿ ಭಾರತದ ಪಾಲು 630 ಕೋಟಿ, ಜಗತ್ತಿನಲ್ಲೇ ಐದನೇ ಸ್ಥಾನ. ಹಾಳೆಗೊಂದರಂತೆ ಮುದ್ರಿಸಿ ಪೇರಿಸಿದರೆ 630 ಕಿಲೋಮೀಟರ್ ಎತ್ತರ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುವುದೇ ಅದಕ್ಕಿಂತ 200 ಕಿಲೋಮೀಟರ್ ಕೆಳಗೆ. ಖಾಸಗಿತನ ಮೂಲಭೂತ ಹಕ್ಕು ಎಂದು ನಮ್ಮ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 547 ಪುಟಗಳಲ್ಲಿ ಒಮ್ಮತದಿಂದ ಸಾರಿದ್ದು ಇದಾಗಿ ನಾಲ್ಕು ವರ್ಷದ ಮೇಲೆ, 2017ರಲ್ಲಿ. ಅದಕ್ಕೆ ಕಾರಣವಾದ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ತಮ್ಮ 86ನೇ ವಯಸ್ಸಿನಲ್ಲಿ!

ಬ್ರಿಟನ್ನಿನ ಬೇಹುಗಾರಿಕಾ ಸಂಸ್ಥೆ ಜಿಸಿಎಚ್‌ಕ್ಯು ಕೂಡ ಹಿಂದೆ ಬೀಳಲಿಲ್ಲ. 200ಕ್ಕೂ ಹೆಚ್ಚು ಆಪ್ಟಿಕಲ್ ಫೈಬರ್ ಕೇಬಲ್‌ಗಳಿಗೆ ಅದು ಕಿವಿಯೊಡ್ಡಿತ್ತು. ಅವುಗಳಲ್ಲಿ ದಿನಕ್ಕೆ 21 ಪೆಟಾಬೈಟ್ ಮಾಹಿತಿ ಹರಿಯಬಹುದಿತ್ತು. ಬ್ರಿಟಿಷ್ ಲೈಬ್ರರಿಯ ಅಷ್ಟೂ ಪುಸ್ತಕಗಳು ಏಳೂವರೆ ನಿಮಿಷಕ್ಕೊಮ್ಮೆ ಪೂರ್ತಿ ಹರಿದುಹೋದಂತೆ!

ಆದರೆ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಇಣುಕುವವರ ಕಡೆಗಿಲ್ಲ, ನಮ್ಮ ಜೇಬಿನಲ್ಲಿದೆ. ಸಂದೇಶವನ್ನು ಗೂಢಲಿಪಿಯಾಗಿಸುವ 128 ಬಿಟ್‌ನ ಎನ್‌ಕ್ರಿಪ್ಷನ್ ಬೀಗಕ್ಕೆ ಎಷ್ಟು ಕೀಲಿಗಳು ಸಾಧ್ಯ? 39 ಅಂಕಿಗಳ ಸಂಖ್ಯೆಯಷ್ಟು! ಭೂಮಿಯ 800 ಕೋಟಿ ಜನರೂ ಒಂದೊಂದು ಕಂಪ್ಯೂಟರ್ ಹಿಡಿದು, ಪ್ರತಿಯೊಬ್ಬರೂ ಸೆಕೆಂಡಿಗೆ 100 ಕೋಟಿ ಕೀಲಿ ಹಾಕಿ ನೋಡಿದರೂ ಎಲ್ಲವನ್ನೂ ಮುಗಿಸಲು 1.3 ಲಕ್ಷ ಕೋಟಿ ವರ್ಷ ಬೇಕು. ವಿಶ್ವದ ವಯಸ್ಸು ಬರೀ 1,380 ಕೋಟಿ ವರ್ಷ. 2016ರ ಏಪ್ರಿಲ್‌ನಿಂದ ವಾಟ್ಸ್ಆ್ಯಪ್‌ನ ಪ್ರತಿ ಖಾಸಗಿ ಸಂದೇಶಕ್ಕೂ ಬೀಳುತ್ತಿರುವ ಬೀಗವೋ 256 ಬಿಟ್‌ನದು: ಕೀಲಿಗಳ ಸಂಖ್ಯೆ 78 ಅಂಕಿ, ಆಕಾಶಗಂಗೆಯ ಒಟ್ಟು ಪರಮಾಣುಗಳಿಗಿಂತಲೂ ಹೆಚ್ಚು!

ವಾಟ್ಸ್ಆ್ಯಪ್‌ನಲ್ಲಿ ಗೆಳೆಯರೊಬ್ಬರ ಚಾಟ್ ತೆರೆದು, ಮೇಲಿನ ಹೆಸರು ಒತ್ತಿ, ಎನ್‌ಕ್ರಿಪ್ಷನ್ ಎಂಬಲ್ಲಿ ಮುಟ್ಟಿ. ಐದೈದರ 12 ಗುಂಪುಗಳಲ್ಲಿ 60 ಅಂಕಿ ಕಾಣುತ್ತವೆ. ಅವರ ಫೋನಿನಲ್ಲೂ ಅವೇ ಅಂಕಿಗಳಿದ್ದರೆ ನಡುವೆ ಮೂರನೆಯವರಿಲ್ಲ. ಯಾರಿಗೆ, ಯಾವಾಗ ಕಳಿಸಿದಿರಿ ಎಂಬುದನ್ನು ಮಾತ್ರ ಈ ಬೀಗ ಮುಚ್ಚಿಡದು. ಚಾಟ್ ಬ್ಯಾಕಪ್‌ಗೂ ಅದು ತಾನಾಗಿ ಬೀಳುವುದಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ನೀವೇ ಹಾಕಬೇಕು. ದುಡ್ಡು ಬೇಡ, ಎರಡು ನಿಮಿಷ ಸಾಕು. ಇವತ್ತೇ ಹಾಕಿಬಿಡಿ.