ಕಾಶ್ಮೀರದ ಚಳಿಗಾಲ: ಎಣಿಕೆಯೂ ಮುನ್ಸೂಚನೆಯೂ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಆಸ್ಥಾನದಲ್ಲಿ ವಿದ್ಯಾಪತಿಯೆನಿಸಿಕೊಂಡ ಬಿಲ್ಹಣನು ಕಾಶ್ಮೀರದವನೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ‘ವಿಕ್ರಮಾಂಕದೇವಚರಿತ’ದ ಕಡೆಯ ಸರ್ಗದಲ್ಲಿ ಅವನು ತನ್ನ ಜನ್ಮಭೂಮಿಯನ್ನು ವರ್ಣಿಸಿದ್ದಾನೆ. ಆ ನಾಡಿನ ವಾಙ್ಮಯವನ್ನು ಓದುವವರೂ ಓದಿಸುವವರೂ ಅಲ್ಲಿಯ ಚಳಿಗಾಲದ ಸ್ವರೂಪವನ್ನು ಅರಿತಿರುವುದು ಒಳ್ಳೆಯದು. ಏಕೆಂದರೆ ಅಲ್ಲಿಯ ಗ್ರಂಥಗಳಲ್ಲಿ ಹಿಮವು ವರ್ಣನೆಗೆ ವಸ್ತುವಾಗಿರುವಷ್ಟೇ ಅನ್ನದ ಚಿಂತೆಗೂ ಕಾರಣವಾಗಿದೆ.

‘ನೀಲಮತಪುರಾಣ’ದ ಪ್ರಕಾರ ಆದಿಯಲ್ಲಿ ಮನುಷ್ಯರು ವರ್ಷದಲ್ಲಿ ಆರು ತಿಂಗಳು ಮಾತ್ರ ಆ ಕಣಿವೆಯಲ್ಲಿ ವಾಸಿಸಬಹುದಾಗಿತ್ತು, ಉಳಿದ ಆರು ತಿಂಗಳು ಅದು ಪಿಶಾಚರ ಪಾಲು. ಹೊಸ ಹಿಮ ಬಿದ್ದಾಗ ಆಚರಿಸತಕ್ಕ ಉತ್ಸವವನ್ನೂ ಆ ಪುರಾಣವು ವಿಧಿಸಿದೆ. ಕಲ್ಹಣನು 12ನೆಯ ಶತಮಾನದ ನಡುವೆ ರಚಿಸಿದ ‘ರಾಜತರಂಗಿಣಿ’ಯಲ್ಲಿ, ತುಂಜೀನನೆಂಬ ದೊರೆಯ ಕಾಲಕ್ಕೆ ಭಾದ್ರಪದದಲ್ಲಿಯೇ ಹಿಮ ಸುರಿದು, ಮಾಗುತ್ತಿದ್ದ ಬತ್ತ ನಾಶವಾಗಿ, ಘೋರ ಕ್ಷಾಮ ಒದಗಿತೆಂಬ ವೃತ್ತಾಂತವುಂಟು. ಹಿಮವು ಕಾಲದಲ್ಲಿ ಬಂದರೆ ಉತ್ಸವ, ಅಕಾಲದಲ್ಲಿ ಬಂದರೆ ಕ್ಷಾಮ. ಆದುದರಿಂದ ಮುಂಬರುವ ಚಳಿಗಾಲವು ಎಂತಹುದೆಂಬ ಪ್ರಶ್ನೆ ಅಲ್ಲಿ ಬಹು ಹಳೆಯದು.

ಈ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ: ಚಳಿ ಎಷ್ಟು, ಹಿಮ ಎಷ್ಟು. ಇವೆರಡೂ ಒಂದೇ ಎಂದು ದೂರದವರು ಭಾವಿಸುವುದುಂಟು, ವಸ್ತುಸ್ಥಿತಿ ಹಾಗಿಲ್ಲ.

ಕಾಶ್ಮೀರದ ಕಣಿವೆಯು ಸುಮಾರು 84 ಮೈಲಿ ಉದ್ದ, 20ರಿಂದ 25 ಮೈಲಿ ಅಗಲವುಳ್ಳ ಬೋಗುಣಿಯಂತಹ ಪ್ರದೇಶ. ನೈಋತ್ಯಕ್ಕೆ ಪೀರ್ ಪಂಜಾಲ್ ಶ್ರೇಣಿಯೂ ಈಶಾನ್ಯಕ್ಕೆ ಮಹಾಹಿಮಾಲಯವೂ ಗೋಡೆಗಳಂತೆ ನಿಂತಿವೆ. ಶ್ರೀನಗರವು ಸಮುದ್ರಮಟ್ಟದಿಂದ ಸುಮಾರು 5,200 ಅಡಿ ಎತ್ತರದಲ್ಲಿದೆ. ಮುಂಗಾರನ್ನು ಪೀರ್ ಪಂಜಾಲ್ ಬಹುಮಟ್ಟಿಗೆ ತಡೆಯುವುದು. ಚಳಿಗಾಲದ ಮಳೆಹಿಮಗಳನ್ನು ತರುವುವು ಪಶ್ಚಿಮದ ವಾತಕ್ಷೋಭೆಗಳು. ಇವು ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಮೇಲ್ಗಾಳಿಯ ಪ್ರವಾಹದಲ್ಲಿ ತೇಲಿ ಬಂದು, ದಾರಿಯಲ್ಲಿ ಅರಬ್ಬೀ ಸಮುದ್ರದ ತೇವವನ್ನೂ ಕೂಡಿಸಿಕೊಂಡು, ಬೆಟ್ಟಗಳನ್ನೇರುವಾಗ ತಣಿದು ಹಿಮವನ್ನು ಸುರಿಸುವುವು.

ಮೋಡ ಕವಿದು ಹಿಮ ಬೀಳುವ ರಾತ್ರಿ ಅತಿಶೀತದ ರಾತ್ರಿಯಲ್ಲ. ಮೋಡವು ಹೊದಿಕೆಯಂತೆ ನೆಲದ ಶಾಖವನ್ನು ತಡೆದಿಡುವುದು. ಆಕಾಶವು ತಿಳಿಯಾದಾಗ ಆ ಶಾಖವೆಲ್ಲ ಹಾರಿಹೋಗುವುದು. ತಣ್ಣನೆಯ ಗಾಳಿ ಭಾರವಾದುದರಿಂದ ಇಳಿಜಾರುಗಳಿಂದ ಜಾರಿ ಕಣಿವೆಯ ತಳದಲ್ಲಿ ನಿಲ್ಲುವುದು. ಆಗ ಕೆಲವೊಮ್ಮೆ ತಗ್ಗಿಗಿಂತ ಮೇಲಿನ ಇಳಿಜಾರೇ ಬೆಚ್ಚಗಿರುವುದುಂಟು. ನೆಲದ ಮೇಲೆ ಹಿಮವೂ ಹರಡಿದ್ದರೆ ಚಳಿ ಇನ್ನೂ ತೀವ್ರ. 2021ರ ಜನವರಿ 14ರಂದು ಶ್ರೀನಗರದಲ್ಲಿ ಉಷ್ಣತೆಯು ಸೊನ್ನೆಗಿಂತ 8.4 ಡಿಗ್ರಿ ಸೆಂಟಿಗ್ರೇಡ್ ಕೆಳಗಿಳಿದುದು ಹಿಂದಿನ ಹಿಮಪಾತದ ತರುವಾಯವೇ. ಹಿಮವೇ ಬಾರದ ಒಣ ಚಳಿಗಾಲದಲ್ಲಿ ಹಗಲು ಬಿಸಿಲು, ಇರುಳು ಕೊರೆಯುವ ಚಳಿ. ಹೀಗೆ ಚಳಿ ಬಲವಾಗಿದ್ದೂ ಹಿಮ ದುರ್ಬಲವಾಗಿರಬಹುದು.

ಜನರ ಎಣಿಕೆ ಚಳಿಗೆ ಸಂಬಂಧಿಸಿದುದು. ಡಿಸೆಂಬರ್ 21ರಿಂದ 40 ದಿನ ‘ಚಿಲ್ಲೈ ಕಲಾನ್’, ಅಲ್ಲಿಂದ 20 ದಿನ ‘ಚಿಲ್ಲೈ ಖುರ್ದ್’, ಕಡೆಯ 10 ದಿನ ‘ಚಿಲ್ಲೈ ಬಚ್ಚಾ’. ಹಿರಿದು, ಕಿರಿದು, ಮರಿ ಎಂದು ಇವುಗಳ ತಾತ್ಪರ್ಯ. ‘ಚಿಲ್ಲ’ವು ನಲವತ್ತೆಂಬ ಅರ್ಥದ ಪಾರಸಿ ಮಾತಿನಿಂದ ಬಂದುದು. ಹಗಲು ಅತ್ಯಂತ ಕಿರಿದಾದ ದಿನದಿಂದ ಈ ಎಣಿಕೆ ತೊಡಗುವುದು ಯುಕ್ತವಾಗಿದೆ. ಸೂರ್ಯನು ಉತ್ತರಕ್ಕೆ ತಿರುಗಿದ ಮೇಲೂ ನೆಲವು ಪಡೆಯುವುದಕ್ಕಿಂತ ಹೆಚ್ಚು ಶಾಖವನ್ನು ಕೆಲವು ವಾರ ಕಳೆದುಕೊಳ್ಳುತ್ತಲೇ ಇರುವುದು. ಸೂರ್ಯಗತಿಯನ್ನು ಅನುಸರಿಸಿದ ಈ ಎಣಿಕೆ ತಪ್ಪುವುದು ಅಪೂರ್ವ. ವಾತಕ್ಷೋಭೆಗಳಿಗೆ ಇಂತಹ ಪಂಚಾಂಗವಿಲ್ಲ.

ಅವುಗಳ ವಿಷಯದಲ್ಲಿ ಶಾಸ್ತ್ರವು ಹೇಳಬಲ್ಲುದು ಎರಡು ಬಗೆ. ಕ್ಷೋಭೆಯು ಪಶ್ಚಿಮದಲ್ಲಿ ಕಾಣಿಸಿಕೊಂಡ ಮೇಲೆ ಅದರ ಆಗಮನವನ್ನು ಕೆಲವು ದಿನ ಮೊದಲು ತಕ್ಕಷ್ಟು ನಿಖರವಾಗಿ ತಿಳಿಸಬಹುದು. ಇಡೀ ಋತುವಿನ ಮಾತಾದರೆ ಸಂಭವವನ್ನು ಮಾತ್ರ ಹೇಳಬಹುದು. 1875ರಲ್ಲಿ ಸ್ಥಾಪಿತವಾದ ಭಾರತದ ಹವಾಮಾನ ಇಲಾಖೆಯ ಮೊದಲನೆಯ ಮುಖ್ಯಾಧಿಕಾರಿ ಹೆನ್ರಿ ಬ್ಲಾನ್‌ಫೋರ್ಡ್, 1884ರಲ್ಲಿ ಹಿಮಾಲಯದ ಹಿಮಪಾತಕ್ಕೂ ಭಾರತದ ಅನಾವೃಷ್ಟಿಗೂ ಸಂಬಂಧವುಂಟೆಂದು ಪ್ರತಿಪಾದಿಸಿದನು. ಅವನು ಹಿಮವನ್ನು ನೋಡಿ ಮುಂಗಾರನ್ನು ಊಹಿಸಿದನು. ಈಗಿನವರು ಹಿಮವನ್ನೇ ಊಹಿಸಲು ಶಾಂತಸಾಗರದ ಉಷ್ಣತೆಯನ್ನು ನೋಡುತ್ತಾರೆ. ಆ ಸಾಗರವು ಬಿಸಿಯೇರುವ ‘ಎಲ್ ನಿನೊ’ ವರ್ಷಗಳಲ್ಲಿ ಪಶ್ಚಿಮ ಹಿಮಾಲಯಕ್ಕೆ ಹಿಮಮಳೆ ಹೆಚ್ಚುವ ಒಲವು ಕಂಡುಬಂದಿದೆ. 2023–24 ಅಂತಹ ವರ್ಷವೇ. ಆದರೂ 2024ರ ಜನವರಿಯ ಬಹುಭಾಗ ಗುಲ್ಮರ್ಗದ ಬಯಲು ಹಿಮವಿಲ್ಲದೆ ಬರಿದಾಗಿತ್ತು. ತಿಂಗಳ ಕೊನೆಯಲ್ಲಿ ಹಿಮ ಬಂದಿತು. ಒಲವನ್ನು ನಿಯಮವೆಂದು ತಿಳಿಯಲಾಗದೆಂಬುದಕ್ಕೆ ಇದು ನಿದರ್ಶನ.

ತಡವಾಗಿ ಬಂದ ಹಿಮಕ್ಕೂ ಮೊದಲೇ ಬಂದ ಹಿಮಕ್ಕೂ ಭೇದವುಂಟು. ಚಿಲ್ಲೈ ಕಲಾನಿನಲ್ಲಿ ಬಿದ್ದುದು ಗಟ್ಟಿಯಾಗಿ ಬೇಸಗೆಯವರೆಗೆ ಉಳಿದು, ಮೆಲ್ಲನೆ ಕರಗಿ, ವಿತಸ್ತೆಯೆನಿಸಿದ ಝೀಲಂ ನದಿಯನ್ನೂ ಬತ್ತದ ಗದ್ದೆಗಳ ಕಾಲುವೆಗಳನ್ನೂ ಪೋಷಿಸುವುದು. ವಸಂತದ ಹೊಸ್ತಿಲಲ್ಲಿ ಬಿದ್ದುದು ಬೇಗನೆ ಹರಿದುಹೋಗುವುದು. ಆದಕಾರಣ ಋತುವಿನ ಮುನ್ಸೂಚನೆಯನ್ನು ಓದುವವರು ಹಿಮ ಎಷ್ಟೆಂಬುದರೊಡನೆ ಯಾವಾಗ ಎಂಬುದನ್ನೂ ಕೇಳಬೇಕು. ತುಂಜೀನನ ಪ್ರಜೆಗಳನ್ನು ಹಸಿವಿಗೆ ಗುರಿಮಾಡಿದುದು ಹಿಮದ ಅಕಾಲವೇ ಎಂದು ಕಲ್ಹಣನ ಕಥೆ ತಿಳಿಸುವುದು.